ಹಳ್ಳಿ ಜಾಗದಲ್ಲಿ ವರ್ಕ್‌ಶಾಪ್, ತೋಟ, ಹವ್ಯಾಸ: ಯಾವುದು ಮೊದಲು, ಯಾವುದು ಆಮೇಲೆ

ಊರಾಚೆ ಒಂದಿಷ್ಟು ಜಾಗ ಕೈಗೆ ಬಂತು ಅಂದುಕೊಳ್ಳಿ. ತಲೆಯಲ್ಲಿ ಆಗಲೇ ಎಲ್ಲ ಕಟ್ಟಿ ಮುಗಿದಿರುತ್ತದೆ. ಈ ಮೂಲೆಯಲ್ಲಿ ಮರಗೆಲಸದ ಶೆಡ್ಡು, ಆ ಕಡೆ ತರಕಾರಿ ಮಡಿ, ಹಿಂದೆ ಹಣ್ಣಿನ ಗಿಡ, ನಡುವೆ ಒಂದು ಪುಟ್ಟ ಕೊಳ. ಇಂಥ ಜಾಗಗಳಲ್ಲಿ ದುಡ್ಡು ಮತ್ತು ಶ್ರಮ ಹಾಳಾಗುವುದು ಕೆಲಸ ಬಾರದ್ದರಿಂದ ಕಡಿಮೆ, ಕೆಲಸದ ಕ್ರಮ ತಪ್ಪಿದ್ದರಿಂದ ಜಾಸ್ತಿ. ಶೆಡ್ಡು ಎದ್ದ ಮೇಲೆ ಪೈಪಿಗಾಗಿ ಅದರ ನೆಲ ಒಡೆಯಬೇಕಾಗುತ್ತದೆ. ಗಿಡ ನೆಟ್ಟ ಮೇಲೆ ಮರಳಿನ ಲಾರಿ ಒಳಗೆ ಬರಲು ದಾರಿಯೇ ಇಲ್ಲ ಅಂತ ಗೊತ್ತಾಗುತ್ತದೆ.

ಹಾಗಾಗಿ ಪ್ರತಿ ಹೆಜ್ಜೆಗೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ನಾಳೆ ಇದನ್ನು ಬದಲಿಸಬೇಕಾದರೆ ಎಷ್ಟು ಕಷ್ಟ? ಬಾವಿ, ದಾರಿ, ತಳಪಾಯ, ದೊಡ್ಡ ಮರ ಇವನ್ನೆಲ್ಲ ಒಮ್ಮೆ ಇಟ್ಟರೆ ಇಟ್ಟಂತೆ. ಇವಕ್ಕೆ ತಿಂಗಳುಗಟ್ಟಲೆ ಯೋಚಿಸಿದರೂ ನಷ್ಟವಿಲ್ಲ. ತರಕಾರಿ ಮಡಿ, ಕೆಲಸದ ಮೇಜು, ಕಪಾಟು ಇವನ್ನು ಒಂದು ಮಧ್ಯಾಹ್ನದಲ್ಲಿ ಅತ್ತಿತ್ತ ಮಾಡಬಹುದು. ಇವನ್ನು ಜಾಸ್ತಿ ಯೋಚಿಸದೆ ಮಾಡಿ ನೋಡಿ. ನಮ್ಮಲ್ಲಿ ಬಹಳ ಜನ ಇದನ್ನು ಉಲ್ಟಾ ಮಾಡುತ್ತೇವೆ. ಯಾವ ಡ್ರಿಲ್ಲು ತಗೊಳ್ಳಲಿ ಅಂತ ವಾರಗಟ್ಟಲೆ ಓದುತ್ತೇವೆ, ಶೆಡ್ಡಿನ ಜಾಗವನ್ನು ಹತ್ತು ನಿಮಿಷದಲ್ಲಿ ಗೊತ್ತು ಮಾಡುತ್ತೇವೆ.

ಹೆಜ್ಜೆ 1: ಮೊದಲು ನೋಡಿ, ಅಳೆಯಿರಿ

ಸಾಧ್ಯವಾದರೆ ಒಂದು ಪೂರ್ತಿ ವರ್ಷ ಏನೂ ಕಾಯಂ ಕಟ್ಟಬೇಡಿ. ಅಷ್ಟು ತಾಳ್ಮೆ ಇಲ್ಲದಿದ್ದರೆ ಒಂದು ಮಳೆಗಾಲವನ್ನಾದರೂ ನೋಡಿ. ಜೋರು ಮಳೆ ಸುರಿಯುವಾಗ ಕೊಡೆ ಹಿಡಿದು ಜಾಗದ ಸುತ್ತ ನಡೆಯಿರಿ. ನೀರು ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಹೊರಗೆ ಹೋಗುತ್ತದೆ ನೋಡಿ. ಆ ಅರ್ಧ ಗಂಟೆಯಲ್ಲಿ ತಿಳಿಯುವುದು ಒಣ ದಿನಗಳಲ್ಲಿ ಎಷ್ಟು ನಡೆದರೂ ತಿಳಿಯುವುದಿಲ್ಲ. ನೀರು ನಿಂತ ಜಾಗಕ್ಕೆಲ್ಲ ಗೂಟ ಹೊಡೆಯಿರಿ.

ನಂತರ ಒಂದು ನಕ್ಷೆ ಬರೆಯಿರಿ. 1 ಸೆಂಟಿಮೀಟರಿಗೆ 1 ಮೀಟರ್ ಅಥವಾ 2 ಮೀಟರ್ ಲೆಕ್ಕ ಸಾಕು. ಗಡಿ, ಈಗಿರುವ ಮರ, ಬಂಡೆ, ಬಾವಿ, ವಿದ್ಯುತ್ ಕಂಬ ಎಲ್ಲ ಬರಲಿ. ಎತ್ತರ ತಗ್ಗು ಅಳೆಯಲು ದುಬಾರಿ ಯಂತ್ರ ಬೇಡ. ಗಾರೆ ಕೆಲಸದವರು ಬಳಸುವ ನೀರು ತುಂಬಿದ ಪಾರದರ್ಶಕ ಲೆವೆಲ್ ಪೈಪು ಸಾಕು. ಒಂದೇ ಎಚ್ಚರಿಕೆ: ಪೈಪಿನೊಳಗೆ ಗಾಳಿಗುಳ್ಳೆ ಇದ್ದರೆ ಅಳತೆ ಸುಳ್ಳು ಹೇಳುತ್ತದೆ.

ಮಣ್ಣಿನ ಎರಡು ಪರೀಕ್ಷೆ ಈಗಲೇ ಮಾಡಿ. ಒಂದು, ಗಾಜಿನ ಬಾಟಲಿಯ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು, ಒಂದು ಚಿಟಿಕೆ ಬಟ್ಟೆ ಸೋಪಿನ ಪುಡಿ. ಚೆನ್ನಾಗಿ ಕುಲುಕಿ ಇಡಿ. ಮರಳು ಸುಮಾರು ಒಂದು ನಿಮಿಷದಲ್ಲಿ ತಳ ಸೇರುತ್ತದೆ. ನಯವಾದ ಹೂಳು ಮಣ್ಣಿಗೆ ಕೆಲವು ಗಂಟೆ ಬೇಕು, ಜೇಡಿ ಇಳಿಯಲು ಒಂದು ದಿನ ಅಥವಾ ಇನ್ನೂ ಹೆಚ್ಚು. ಮೂರು ಪದರಗಳ ದಪ್ಪ ನೋಡಿದರೆ ನಿಮ್ಮ ಮಣ್ಣು ಎಂಥದ್ದು ಅಂತ ಕಣ್ಣಿಗೇ ಕಾಣುತ್ತದೆ. ಎರಡು, 30 ಸೆಂಟಿಮೀಟರ್ ಆಳದ ಗುಂಡಿ ತೋಡಿ ನೀರು ತುಂಬಿ. ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿ, ಗಂಟೆಗೆ ಎಷ್ಟು ಇಳಿಯುತ್ತದೆ ಅಳೆಯಿರಿ. ಗಂಟೆಗೆ 1 ಸೆಂಟಿಮೀಟರ್ ಕೂಡ ಇಳಿಯದಿದ್ದರೆ ಅಲ್ಲಿ ಬೇರು ಕೊಳೆಯುವ ಭಯವಿದೆ. ಅಲ್ಲಿ ಕೊಳ ಮಾಡಬಹುದು, ಹಣ್ಣಿನ ಗಿಡ ಬೇಡ. 2ರಿಂದ 7 ಸೆಂಟಿಮೀಟರ್ ಇಳಿದರೆ ತೋಟಕ್ಕೆ ಒಳ್ಳೆಯ ಜಾಗ.

ಕಟ್ಟಡದ ಪರವಾನಗಿ, ಗಡಿಯಿಂದ ಬಿಡಬೇಕಾದ ಅಂತರ, ಕೊಳವೆಬಾವಿಯ ನಿಯಮ ಇವು ಒಂದೊಂದು ಕಡೆ ಒಂದೊಂದು ಥರ. ಅಲ್ಲಿನ ಕಚೇರಿಯಲ್ಲಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಹೆಜ್ಜೆ 2: ದಾರಿ

ಇದು ಚಿಕ್ಕ ಹೆಜ್ಜೆ, ಆದರೆ ಕಟ್ಟುವ ಕೆಲಸಗಳಲ್ಲಿ ಎಲ್ಲಕ್ಕಿಂತ ಮೊದಲು. ಸರಕು ಗಾಡಿ ಶೆಡ್ಡಿನ ಬಾಗಿಲವರೆಗೆ ಬರಬೇಕು, ತಿರುಗಿಕೊಂಡು ಹೋಗಬೇಕು. 3 ಮೀಟರ್ ಅಗಲ ಕನಿಷ್ಠ, ಗೇಟಿಗೆ ಇನ್ನೊಂದಿಷ್ಟು ಜಾಸ್ತಿ. ದಾರಿಯ ನಡುಭಾಗ ಸ್ವಲ್ಪ ಉಬ್ಬಿರಲಿ, ಪಕ್ಕದಲ್ಲಿ ಬಸಿಗಾಲುವೆ ಇರಲಿ. ನೀರು ದಾರಿಯನ್ನು ದಾಟುವ ಕಡೆ ಕೊಳವೆ ಹಾಕಿ. ಬೇಲಿಯನ್ನು ದಾರಿ ಆದ ಮೇಲೆ ಹಾಕಿ. ಇಲ್ಲದಿದ್ದರೆ ಹೇಗೂ ಒಮ್ಮೆ ಕೀಳಬೇಕಾಗುತ್ತದೆ.

ಹೆಜ್ಜೆ 3: ನೀರು

ವರ್ಕ್‌ಶಾಪ್ ಮತ್ತು ತೋಟ ಎರಡೂ ನಿಮಗೆ ಬೇಕೆಂದಿದ್ದರೆ ಒಂದು ಅನುಕೂಲ ತಾನಾಗಿ ಸಿಗುತ್ತದೆ. ಶೆಡ್ಡಿನ ಮಾಡು ತೋಟಕ್ಕೆ ನೀರು ಹಿಡಿದುಕೊಡುತ್ತದೆ. ಲೆಕ್ಕ ಸುಲಭ: 1 ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. ಮಾಡಿನ ಇಳಿಜಾರಿನ ಉದ್ದ ಲೆಕ್ಕಕ್ಕೆ ಬೇಡ, ಅದು ನೆಲದ ಮೇಲೆ ಮುಚ್ಚುವ ಜಾಗವನ್ನಷ್ಟೇ ಅಳೆಯಿರಿ. 6 ಮೀಟರಿಗೆ 8 ಮೀಟರ್ ಶೆಡ್ಡು ಅಂದರೆ 48 ಚದರ ಮೀಟರ್. 20 ಮಿಲಿಮೀಟರಿನ ಒಂದು ಮಳೆ ಬಂದರೆ 960 ಲೀಟರ್. ಚಿಮ್ಮಿ, ಸೋರಿ, ಆವಿಯಾಗಿ ಹೋದದ್ದು ಕಳೆದರೂ ಸುಮಾರು 800 ಲೀಟರ್ ಟ್ಯಾಂಕಿಗೆ ಬರುತ್ತದೆ. ಒಂದೇ ಮಳೆಯಲ್ಲಿ!

ಮೊದಲ ನೀರು ಮಾಡಿನ ಧೂಳು, ಹಕ್ಕಿ ಹಿಕ್ಕೆ ಎಲ್ಲ ತೊಳೆದು ತರುತ್ತದೆ. ಚದರ ಮೀಟರಿಗೆ 1 ಲೀಟರ್ ಲೆಕ್ಕದಲ್ಲಿ ಮೊದಲ ನೀರನ್ನು ಬೇರೆ ಕೊಳವೆಗೆ ಬಿಟ್ಟು ಆಮೇಲೆ ಟ್ಯಾಂಕಿಗೆ ತಿರುಗಿಸಿ. ಟ್ಯಾಂಕಿಗೆ ಬೆಳಕು ಬೀಳಬಾರದು, ಪಾಚಿ ಕಟ್ಟುತ್ತದೆ. ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಬೇಕೇ ಬೇಕು, ಸೊಳ್ಳೆ ಒಳಗೆ ಹೋಗಬಾರದು. ತುಂಬಿ ಹೆಚ್ಚಾದ ನೀರು ಎಲ್ಲಿಗೆ ಹೋಗಬೇಕು ಅನ್ನುವುದನ್ನೂ ಇದೇ ಹೊತ್ತಿಗೆ ಗೊತ್ತು ಮಾಡಿ. ಶೆಡ್ಡಿನ ತಳಪಾಯದಿಂದ ದೂರ ಒಂದು ಇಂಗುಗುಂಡಿ ಅಥವಾ ಹಣ್ಣಿನ ಗಿಡಗಳ ಸಾಲಿನ ಮೇಲಿನ ಬದು ಆಗಬಹುದು.

ಟ್ಯಾಂಕ್ ಎತ್ತರದಲ್ಲಿ ಇಟ್ಟರೆ ಪಂಪ್ ಇಲ್ಲದೆ ನೀರು ಹರಿಯುತ್ತದೆ. ನಿಜ, ಆದರೆ ಒತ್ತಡ ನಾವು ಅಂದುಕೊಂಡಷ್ಟು ಇರುವುದಿಲ್ಲ. 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಒತ್ತಡ. ಅಂದರೆ 2 ಮೀಟರ್ ಸ್ಟ್ಯಾಂಡ್ ಮೇಲಿನ ಟ್ಯಾಂಕು ಕೊಡುವುದು 0.2 ಬಾರ್. ಕಡಿಮೆ ಒತ್ತಡಕ್ಕೆಂದೇ ಮಾಡಿದ ಹನಿ ನೀರಾವರಿ ಪೈಪಿಗೆ ಇದು ಸಾಕು. ಸ್ಪ್ರಿಂಕ್ಲರ್ ತಿರುಗುವುದಿಲ್ಲ. ಮತ್ತೆ, 1000 ಲೀಟರ್ ನೀರು ಅಂದರೆ 1 ಟನ್ ತೂಕ. ಉಳಿದ ಕಬ್ಬಿಣದ ಚೂರುಗಳಲ್ಲಿ ಸ್ಟ್ಯಾಂಡ್ ವೆಲ್ಡ್ ಮಾಡುವ ಆಸೆ ಬಂದರೆ ಈ ಅಂಕಿಯನ್ನು ನೆನಪಿಸಿಕೊಳ್ಳಿ. ಇಳಿಜಾರು ಜಾಗವಾದರೆ ಸ್ಟ್ಯಾಂಡಿನ ಗೊಡವೆಯೇ ಬೇಡ, ಮೇಲಿನ ಅಂಚಿನಲ್ಲಿ ನೆಲದ ಮೇಲೇ ಇಡಿ.

ಶೌಚಾಲಯದ ಗುಂಡಿ ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 30 ಮೀಟರ್ ದೂರದಲ್ಲಿ, ಬಾವಿಗಿಂತ ತಗ್ಗಿನಲ್ಲಿ ಇರುವಂತೆ ನೋಡಿ.

ಹೆಜ್ಜೆ 4: ನೆಲ ಅಗೆಯುವುದು ಒಂದೇ ಸಲ

ವಿದ್ಯುತ್ ಕೇಬಲ್, ನೀರಿನ ಪೈಪು, ತೋಟದ ನಲ್ಲಿ, ಇಂಟರ್ನೆಟ್ ತಂತಿ ಇವಿಷ್ಟಕ್ಕೂ ಒಟ್ಟಿಗೆ ನೆಲ ಅಗೆಸಿ. ಕೇಬಲ್ ಮತ್ತು ನೀರಿನ ಪೈಪು ಒಂದಕ್ಕೊಂದು ಅಂಟಿಕೊಂಡಿರಬಾರದು, ಸುಮಾರು 30 ಸೆಂಟಿಮೀಟರ್ ಅಂತರ ಇರಲಿ. ಕೇಬಲ್ಲಿನ ಕೆಳಗೆ ಮೇಲೆ ಮರಳು, ಅದರ ಮೇಲೆ ಎಚ್ಚರಿಕೆಯ ಬಣ್ಣದ ಟೇಪು. ಮುಂದೆ ಗುದ್ದಲಿ ಹಾಕುವವರು ಮೊದಲು ಟೇಪನ್ನು ಕಾಣುತ್ತಾರೆ. ಒಂದೆರಡು ಖಾಲಿ ಕೊಳವೆಗಳನ್ನೂ ಹಗ್ಗ ತೂರಿಸಿ ಮಲಗಿಸಿಬಿಡಿ. ಏನಕ್ಕೆ ಅಂತ ಈಗ ಗೊತ್ತಿರಬೇಕಿಲ್ಲ. ಯಾವುದಕ್ಕಾದರೂ ಬೇಕಾಗುತ್ತದೆ.

ಮುಚ್ಚುವ ಮೊದಲು ಅಳತೆ ಟೇಪು ಇಟ್ಟು ಫೋಟೋ ತೆಗೆಯಿರಿ. ಮರದಿಂದ ಎಷ್ಟು, ಗೋಡೆಯಿಂದ ಎಷ್ಟು ಅಂತ ಅದರಲ್ಲಿ ಕಾಣಬೇಕು.

ಕೇಬಲ್ ದಪ್ಪದ ವಿಷಯಕ್ಕೆ ಸ್ವಲ್ಪ ಹೊತ್ತು ಕೊಡೋಣ, ಏಕೆಂದರೆ ಹೆಚ್ಚಿನ ವರ್ಕ್‌ಶಾಪ್‌ಗಳ ತಲೆನೋವು ಇಲ್ಲೇ ಶುರುವಾಗುತ್ತದೆ. ಮನೆಯಿಂದ ಶೆಡ್ಡಿಗೆ 60 ಮೀಟರ್ ಇದೆ, 230 ವೋಲ್ಟ್ ಬರುತ್ತಿದೆ, 10 ಆಂಪಿಯರ್ ಎಳೆಯುವ ಗರಗಸದ ಮೋಟಾರ್ ಇದೆ ಅಂದುಕೊಳ್ಳಿ. 2.5 ಚದರ ಮಿಲಿಮೀಟರ್ ತಾಮ್ರದ ಕೇಬಲ್ ಹಾಕಿದರೆ ದಾರಿಯಲ್ಲೇ ಸುಮಾರು 9 ವೋಲ್ಟ್ ಕಳೆದುಹೋಗುತ್ತದೆ. ಪರವಾಗಿಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ ಮೋಟಾರ್ ಶುರುವಾಗುವ ಕ್ಷಣದಲ್ಲಿ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಆಗ ಬೀಳುವುದು 50 ವೋಲ್ಟಿನ ಆಸುಪಾಸು. ದೀಪ ಮಂಕಾಗುತ್ತದೆ, ಮೋಟಾರ್ ಗುಂಯ್‌ಗುಟ್ಟುತ್ತಾ ಏಳಲು ಒದ್ದಾಡುತ್ತದೆ, ಕ್ರಮೇಣ ಸುಟ್ಟುಹೋಗುತ್ತದೆ. ಅದೇ 6 ಚದರ ಮಿಲಿಮೀಟರ್ ಹಾಕಿದರೆ ಶುರುವಿನ ಹೊಡೆತ 22 ವೋಲ್ಟಿಗೆ ಇಳಿಯುತ್ತದೆ, 10 ಹಾಕಿದರೆ ಸುಮಾರು 13ಕ್ಕೆ. ಕೇಬಲ್ಲಿನಲ್ಲಿ ಉಳಿಸಿದ ದುಡ್ಡನ್ನು ಮೋಟಾರಿಗೆ ತೆರಬೇಕಾಗುತ್ತದೆ.

ಜೋಡಣೆ ಕೆಲಸ ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಮಾಡಲಿ. ನೀವು ಕೇಳಿ ಮಾಡಿಸಬೇಕಾದದ್ದು ಇಷ್ಟು: ಶೆಡ್ಡಿಗೆ ಪ್ರತ್ಯೇಕ ಬೋರ್ಡು, ಸರಿಯಾದ ಅರ್ಥಿಂಗ್, ಸಾಕೆಟ್‌ಗಳಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕೂಡಲೇ ತಾನಾಗಿ ಬೀಳುವ ಸ್ವಿಚ್ಚು). ದೀಪಗಳ ಸರ್ಕ್ಯೂಟ್ ಸಾಕೆಟ್‌ಗಳಿಂದ ಬೇರೆಯೇ ಇರಲಿ. ಗರಗಸಕ್ಕೆ ಭಾರ ಹೆಚ್ಚಾಗಿ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್ಚು) ಬಿದ್ದರೂ ಬ್ಲೇಡ್ ಇನ್ನೂ ತಿರುಗುತ್ತಿರಬಹುದು. ಆ ಹೊತ್ತಿನಲ್ಲಿ ನೀವು ಕತ್ತಲಲ್ಲಿ ನಿಂತಿರಬಾರದು.

ಹೆಜ್ಜೆ 5: ವರ್ಕ್‌ಶಾಪ್

ಜಾಗ ಆರಿಸುವಾಗ ನಾಲ್ಕು ವಿಷಯ ನೋಡಿ. ನೀರು ನಿಲ್ಲದ ನೆಲ, ಗಾಡಿ ಬರುವ ದಾರಿ, ಮಲಗುವ ಕೋಣೆಗೂ ಪಕ್ಕದವರ ಮನೆಗೂ ಗ್ರೈಂಡರ್ ಸದ್ದು ಮುಟ್ಟದಷ್ಟು ದೂರ, ಮತ್ತೆ ಮುಂದೆ ಒಂದು ಬದಿಗೆ ಬೆಳೆಸಲು ಖಾಲಿ ಜಾಗ. ಕೊನೆಯದ್ದನ್ನು ಮರೆಯಬೇಡಿ. ವರ್ಕ್‌ಶಾಪ್ ಯಾವತ್ತೂ ಸಾಲುವುದಿಲ್ಲ. ಒಂದು ಗೋಡೆಯನ್ನು ಮುಂದೆ ತೆಗೆಯಬಹುದು ಅನ್ನುವ ಹಾಗೆ ಕಟ್ಟಿದರೆ ಮೊದಲೇ ಅರಮನೆ ಕಟ್ಟುವ ಅಗತ್ಯ ಬೀಳುವುದಿಲ್ಲ.

ಅಳತೆಗೆ ಆಧಾರ ಪ್ಲೈವುಡ್ ಹಾಳೆ. ಅದು 2440ಕ್ಕೆ 1220 ಮಿಲಿಮೀಟರ್. ಅದನ್ನು ಹೊತ್ತು ಬಾಗಿಲಲ್ಲಿ ಬರಬೇಕು, ಒಳಗೆ ತಿರುಗಿಸಬೇಕು, ಟೇಬಲ್ ಗರಗಸದ ಮುಂದೆಯೂ ಹಿಂದೆಯೂ ಅಷ್ಟೇ ಉದ್ದದ ಖಾಲಿ ಜಾಗ ಬೇಕು. ಹೀಗೆ ಲೆಕ್ಕ ಹಾಕಿದರೆ 4 ಮೀಟರಿಗೆ 6 ಮೀಟರ್ ಇಕ್ಕಟ್ಟಾದರೂ ನಡೆಯುತ್ತದೆ. 6ಕ್ಕೆ 8 ಹಾಯಾಗಿರುತ್ತದೆ. ಒಳಗಿನ ಎತ್ತರ 3 ಮೀಟರ್ ಇರಲಿ, ಹಾಳೆಯನ್ನು ನೆಟ್ಟಗೆ ನಿಲ್ಲಿಸಿ ತಿರುಗಿಸಿದಾಗ ದೀಪ ಒಡೆಯಬಾರದು. ಬಾಗಿಲು 2.4 ಮೀಟರ್ ಅಗಲ.

ನೆಲವನ್ನು ಸುತ್ತಲಿನ ಮಟ್ಟಕ್ಕಿಂತ ಕನಿಷ್ಠ 15 ಸೆಂಟಿಮೀಟರ್ ಎತ್ತರಿಸಿ. ಹೊರಗಿನ ನೆಲ ಗೋಡೆಯಿಂದ ಆಚೆಗೆ 3 ಮೀಟರ್ ದೂರದಲ್ಲಿ 15 ಸೆಂಟಿಮೀಟರ್ ಇಳಿಯುವ ಹಾಗೆ ಸವರಿ. ಕಾಂಕ್ರೀಟಿನ ಅಡಿಗೆ ದಪ್ಪ ಪಾಲಿಥೀನ್ ಹಾಳೆ ಹಾಸಲೇಬೇಕು. ಅದನ್ನು ಬಿಟ್ಟರೆ ನೆಲದ ತೇವ ಮೇಲೇರಿ ಉಳಿ, ಗರಗಸ ಎಲ್ಲಕ್ಕೂ ತುಕ್ಕು ಹಿಡಿಸುತ್ತದೆ, ಆಮೇಲೆ ಅದಕ್ಕೆ ಮದ್ದಿಲ್ಲ. ಸಾಮಾನ್ಯ ಹವ್ಯಾಸಿ ಯಂತ್ರಗಳಿಗೆ 100 ಮಿಲಿಮೀಟರ್ ದಪ್ಪ ಸಾಕು. ದೊಡ್ಡ ಲೇತ್ ಬರುವುದಿದ್ದರೆ ಆ ಮೂಲೆಗೆ 150 ಮಾಡಿಸಿ. ಕನಿಷ್ಠ 7 ದಿನ ಒದ್ದೆಯಾಗಿಡಿ. ಕಾಂಕ್ರೀಟ್ ತನ್ನ ಲೆಕ್ಕದ ಬಲ ತಲುಪಲು 28 ದಿನ ಬೇಕು, ಭಾರದ ಯಂತ್ರವನ್ನು ಅಲ್ಲಿಯವರೆಗೆ ತರಬೇಡಿ.

ಒಳಗಿನ ಜೋಡಣೆಯನ್ನು ಮಾತ್ರ ಗಟ್ಟಿ ಮಾಡಬೇಡಿ. ಮೊದಲ ಆರು ತಿಂಗಳು ಎಲ್ಲಕ್ಕೂ ಚಕ್ರ ಇರಲಿ. ಗೋಡೆಗೆ ಹೊಂದಿದ ಕಪಾಟು ಚೆಂದ ಕಾಣುತ್ತದೆ, ಆದರೆ ನೀವು ಎಲ್ಲಿ ನಿಲ್ಲುತ್ತೀರಿ, ಏನು ಪದೇ ಪದೇ ಬೇಕಾಗುತ್ತದೆ ಅನ್ನುವುದು ಕೆಲಸ ಮಾಡಿದ ಮೇಲೆ ತಾನೇ ಗೊತ್ತಾಗುವುದು. ಮೇಜಿನ ಎತ್ತರಕ್ಕೆ ಹಳೆಯ ಉಪಾಯ: ನೆಟ್ಟಗೆ ನಿಂತು ಕೈ ಇಳಿಬಿಡಿ, ಮಣಿಕಟ್ಟಿನ ಗೆರೆ ಎಷ್ಟು ಎತ್ತರದಲ್ಲಿದೆಯೋ ಅಷ್ಟು. ಹೆಚ್ಚಿನವರಿಗೆ ಅದು 85ರಿಂದ 90 ಸೆಂಟಿಮೀಟರ್.

ಸುರಕ್ಷತೆಯ ಮಾತು ಬೇಸರ ತರಿಸುತ್ತದೆ ಅಂತ ಗೊತ್ತು. ಆದರೂ ನಾಲ್ಕು ವಿಷಯ ಹೇಳಲೇಬೇಕು.

ಮರದ ಧೂಳು ಬರೀ ಕೊಳೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು 1995ರಲ್ಲಿ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಕಣ್ಣಿಗೆ ಕಾಣುವ ಹೊಟ್ಟಿಗಿಂತ ಕಾಣದ ನಯ ಧೂಳು ಕೆಟ್ಟದ್ದು. ಧೂಳು ಎಳೆಯುವ ಯಂತ್ರ ಇದ್ದರೂ ಉಜ್ಜುವಾಗ ಒಳ್ಳೆಯ ಮಾಸ್ಕ್ ಬೇಕು.

ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಬಿಸಿ ಹೊರಹೋಗದೆ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಒಣಹಾಕಿ, ಅಥವಾ ನೀರು ತುಂಬಿದ ಮುಚ್ಚಳದ ಡಬ್ಬಿಯಲ್ಲಿ ಅದ್ದಿಡಿ.

ಮರಗೆಲಸ ಮತ್ತು ವೆಲ್ಡಿಂಗ್ ಒಂದೇ ಕೋಣೆಯಲ್ಲಿ ಬೇಡ. ಶೆಡ್ಡಿನ ಹೊರಗೋಡೆಗೆ ಮಾಡು ಇಳಿಸಿ ತೆರೆದ ಜಾಗದಲ್ಲಿ ವೆಲ್ಡ್ ಮಾಡಿ. ಗ್ರೈಂಡರಿನ ಕಿಡಿ ಹೊಟ್ಟಿನೊಳಗೆ ಗಂಟೆಗಟ್ಟಲೆ ಕಾಣದಂತೆ ಕನಲುತ್ತಿರಬಹುದು. ಕೆಲಸ ಮುಗಿಸಿದ ಮೇಲೆ ಒಂದು ಗಂಟೆ ಅಲ್ಲೇ ಆಸುಪಾಸಿನಲ್ಲಿರಿ.

ಸತು ಲೇಪದ ಕಬ್ಬಿಣವನ್ನು ವೆಲ್ಡ್ ಮಾಡುವ ಮೊದಲು ಜೋಡಿಸುವ ಜಾಗದ ಲೇಪವನ್ನು ಉಜ್ಜಿ ತೆಗೆಯಿರಿ. ಆ ಬಿಳಿ ಹೊಗೆ ಕುಡಿದರೆ ರಾತ್ರಿಗೆ ಚಳಿಜ್ವರ ಬರುತ್ತದೆ.

ಹೆಜ್ಜೆ 6: ತೋಟ

ಹಣ್ಣಿನ ಗಿಡಗಳನ್ನು ವರ್ಕ್‌ಶಾಪ್‌ಗಿಂತ ಮೊದಲೇ ನೆಟ್ಟರೆ ಇನ್ನೂ ಒಳ್ಳೆಯದು, ಏಕೆಂದರೆ ಅವು ಬೆಳೆಯಲು ವರ್ಷಗಳು ಬೇಕು. ಆದರೆ ಹೆಜ್ಜೆ 4 ಮುಗಿದಿರಬೇಕು. ಗುಂಡಿ ಬೇರಿನ ಮುದ್ದೆಗಿಂತ ಎರಡು ಮೂರು ಪಟ್ಟು ಅಗಲ ಇರಲಿ, ಆಳ ಮಾತ್ರ ಮುದ್ದೆಯಷ್ಟೇ. ಆಳವಾಗಿ ನೆಟ್ಟ ಗಿಡ ಬುಡದಲ್ಲಿ ಕೊಳೆಯುತ್ತದೆ. ಬೆಳೆದ ಮರದ ನೆತ್ತಿ ಎಷ್ಟು ಹರಡುತ್ತದೆ ಅಂತ ಕೇಳಿ ತಿಳಿದುಕೊಂಡು ಅಷ್ಟು ದೂರ ಬಿಡಿ. ಶೆಡ್ಡಿನ ಮಾಡಿನ ಮೇಲೆ ಎಲೆ ಉದುರಿದರೆ ಅಂಚಿನಲ್ಲಿ ಮಳೆನೀರು ಹಿಡಿಯುವ ದೋಣಿಯೂ ಕಟ್ಟಿಕೊಳ್ಳುತ್ತದೆ, ಟ್ಯಾಂಕಿನ ನೀರೂ ಹಾಳು.

ತರಕಾರಿ ಮಡಿ 1.2 ಮೀಟರಿಗಿಂತ ಅಗಲ ಬೇಡ, ಎರಡೂ ಕಡೆಯಿಂದ ನಡುವಿಗೆ ಕೈ ಎಟುಕಬೇಕು. ಒಮ್ಮೆ ಮಡಿ ಮಾಡಿದ ಮೇಲೆ ಅದರ ಮೇಲೆ ಕಾಲಿಡುವುದಿಲ್ಲ, ಅಷ್ಟೇ ನಿಯಮ. ನಡುವೆ 50 ಸೆಂಟಿಮೀಟರ್ ಹಾದಿ. ಒಂದು ಹಾದಿಯನ್ನಾದರೂ 90 ಸೆಂಟಿಮೀಟರ್ ಮಾಡಿ, ಕೈಗಾಡಿ ಹೋಗಲು. ಮೊದಲ ವರ್ಷ ಎರಡೇ ಮಡಿ ಸಾಕು, ಅವೂ ನೀವು ದಿನಾ ಓಡಾಡುವ ದಾರಿಯ ಪಕ್ಕದಲ್ಲಿರಲಿ. ಕಣ್ಣಿಗೆ ಬೀಳದ ಮಡಿಗೆ ನೀರೂ ಬೀಳುವುದಿಲ್ಲ.

ಕಾಂಪೋಸ್ಟ್ ರಾಶಿ ಬಿಸಿಯಾಗಬೇಕಾದರೆ ಉದ್ದ, ಅಗಲ, ಎತ್ತರ ಸುಮಾರು ಒಂದೊಂದು ಮೀಟರ್ ಬೇಕು. ಹಸಿ ಮತ್ತು ಒಣ ಪದಾರ್ಥ ಹದವಾಗಿ ಬೆರೆತರೆ ಒಳಗೆ 55ರಿಂದ 65 ಡಿಗ್ರಿ ಸೆಲ್ಸಿಯಸ್ ಏರುತ್ತದೆ, ಆ ಶಾಖಕ್ಕೆ ಹೆಚ್ಚಿನ ಕಳೆ ಬೀಜಗಳು ಸಾಯುತ್ತವೆ. ವರ್ಕ್‌ಶಾಪಿನ ಹೊಟ್ಟನ್ನು ಇಲ್ಲಿಗೆ ಹಾಕಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಹಾಕಬಹುದು, ಎರಡು ಷರತ್ತಿನ ಮೇಲೆ. ಪ್ಲೈವುಡ್, ಎಂಡಿಎಫ್ (ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ), ಔಷಧಿ ಹಾಕಿದ ಮರ, ಬಣ್ಣ ಬಳಿದ ಮರ ಇವುಗಳ ಹೊಟ್ಟು ಖಂಡಿತ ಬೇಡ. ಶುದ್ಧ ಮರದ ಹೊಟ್ಟೂ ಸ್ವಲ್ಪ ಸ್ವಲ್ಪವೇ. ಅದರಲ್ಲಿ ಇಂಗಾಲ ವಿಪರೀತ, ಸಾರಜನಕ ತೀರಾ ಕಡಿಮೆ. ನೇರವಾಗಿ ಮಣ್ಣಿಗೆ ಬೆರೆಸಿದರೆ ಕೊಳೆಯುವಾಗ ಗಿಡಕ್ಕೆ ಬೇಕಾದ ಸಾರಜನಕವನ್ನು ಅದೇ ಹಿಡಿದಿಟ್ಟುಕೊಂಡು ಎಲೆ ಹಳದಿಯಾಗುತ್ತದೆ. ಸಗಣಿ ಅಥವಾ ಹಸಿ ಹುಲ್ಲಿನ ಜೊತೆ ರಾಶಿಗೆ ಹಾಕಿ, ಇಲ್ಲವೇ ಹಾದಿಗಳ ಮೇಲೆ ಹರಡಿ. ಹಾದಿಗೆ ಅದಕ್ಕಿಂತ ಒಳ್ಳೆಯ ಹಾಸು ಇಲ್ಲ.

ಮಣ್ಣಿಗೆ ಹೊದಿಕೆ 5ರಿಂದ 10 ಸೆಂಟಿಮೀಟರ್ ದಪ್ಪ ಇರಲಿ. ಕಾಂಡಕ್ಕೆ ಮಾತ್ರ ತಾಗಿಸಬೇಡಿ.

ಹೆಜ್ಜೆ 7: ಹವ್ಯಾಸದ ಕೆಲಸಗಳು

ಮೊದಲ ಕೆಲಸಗಳು ಜಾಗಕ್ಕೇ ಬೇಕಾದವು ಆಗಿರಲಿ. ಕೆಲಸದ ಮೇಜು, ಉಪಕರಣ ತೂಗುಹಾಕುವ ಹಲಗೆ, ಗೇಟು, ಕಾಂಪೋಸ್ಟ್ ಪೆಟ್ಟಿಗೆ, ಸಸಿ ಬೆಳೆಸುವ ಟ್ರೇ. ಕೈ ಪಳಗುತ್ತದೆ, ವಸ್ತುವೂ ಉಪಯೋಗಕ್ಕೆ ಬರುತ್ತದೆ, ಕೋನ ಸ್ವಲ್ಪ ತಪ್ಪಿದರೂ ಕಾಂಪೋಸ್ಟ್ ದೂರು ಹೇಳುವುದಿಲ್ಲ. ಉಪಕರಣವನ್ನೂ ಹೀಗೇ ಕೊಳ್ಳಿ. ಮುಂದಿನ ಕೆಲಸಕ್ಕೆ ಇದಿಲ್ಲದೆ ಆಗುವುದಿಲ್ಲ ಅಂದಾಗ ಮಾತ್ರ. ಹಳೆಯ ವೈಸ್, ಕ್ಲಾಂಪ್, ಉಳಿ ಇವು ಸೆಕೆಂಡ್ ಹ್ಯಾಂಡ್ ಸಿಕ್ಕರೆ ಕಣ್ಣುಮುಚ್ಚಿ ತಗೊಳ್ಳಿ. ತಿರುಗುವ ಬ್ಲೇಡಿನ ಯಂತ್ರ ಹಳೆಯದಾದರೆ ಗಾರ್ಡು ಇದೆಯಾ, ಬೇರಿಂಗ್ ಸದ್ದು ಮಾಡುತ್ತದಾ ನೋಡದೆ ಕೊಳ್ಳಬೇಡಿ.

ಒಂದು ಹೊತ್ತಿಗೆ ಎರಡಕ್ಕಿಂತ ಹೆಚ್ಚು ಅರೆಬರೆ ಕೆಲಸ ಇಟ್ಟುಕೊಳ್ಳಬೇಡಿ. ಒಂದು ಒಳಗಿನದು, ಒಂದು ಹೊರಗಿನದು. ಮಳೆ ಬಂದರೆ ಒಳಗೆ, ಬಿಸಿಲಿದ್ದರೆ ಹೊರಗೆ.

ಜೇನು ಸಾಕುವ ಆಸೆ ಇದ್ದರೆ ಪೆಟ್ಟಿಗೆಯ ಬಾಯಿ ಜನ ಓಡಾಡುವ ದಾರಿಯ ಕಡೆಗಿರಬಾರದು. ಮುಂದೆ ಒಂದು ಎತ್ತರದ ಬೇಲಿ ಇದ್ದರೆ ಹುಳುಗಳು ತಲೆಯ ಮೇಲಿನಿಂದ ಹಾರಿಹೋಗುತ್ತವೆ. ಹತ್ತಿರ ನೀರು ಇಡಿ, ನಿಲ್ಲಲು ಕಲ್ಲು ಹಾಕಿ. ಕೊಳ ಮಾಡುವುದಾದರೆ ಒಂದು ಅಂಚಾದರೂ ಇಳಿಜಾರಾಗಿರಲಿ, ಬಿದ್ದ ಪ್ರಾಣಿ ಹತ್ತಿ ಬರಬೇಕು. ಚಿಕ್ಕ ಮಕ್ಕಳು ಬರುವ ಜಾಗವಾದರೆ ಕೊಳಕ್ಕೆ ಬೇಲಿ ಬೇಕು, ಎಷ್ಟು ಚಿಕ್ಕ ಕೊಳವಾದರೂ ಸರಿ. ಕುಲುಮೆ, ಮಡಕೆ ಸುಡುವ ಭಟ್ಟಿ ಇವು ಮರದ ಶೆಡ್ಡಿನಿಂದ ದೂರ, ಗಾಳಿ ಬೀಸುವ ದಿಕ್ಕು ನೋಡಿ. ಆಕಾಶ ನೋಡುವವರು ದೂರದರ್ಶಕಕ್ಕೆ ಜಾಗ ಆರಿಸುವುದಾದರೆ ಗಿಡ ನೆಡುವ ಮೊದಲೇ ನೋಡುವ ದಿಕ್ಕನ್ನು ನಕ್ಷೆಯಲ್ಲಿ ಗುರುತು ಮಾಡಿ.

ಆಮೇಲೆ ನಡೆಸಿಕೊಂಡು ಹೋಗಲು

ವರ್ಕ್‌ಶಾಪ್ ಗೋಡೆಗೆ ಒಂದು ಹಾಳೆ ಅಂಟಿಸಿ. ಮಳೆಗಾಲಕ್ಕೆ ಮುಂಚೆ ಮಾಡಿನ ದೋಣಿ, ಬಸಿಗಾಲುವೆ, ಟ್ಯಾಂಕಿನ ಜಾಲರಿ ಸ್ವಚ್ಛ ಮಾಡುವುದು. ಮೂರು ತಿಂಗಳಿಗೊಮ್ಮೆ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ನೋಡುವುದು. ಒತ್ತಿದ ಕೂಡಲೇ ಬೀಳದಿದ್ದರೆ ಅದನ್ನು ಬದಲಿಸುವವರೆಗೆ ಯಂತ್ರ ಶುರು ಮಾಡುವಂತಿಲ್ಲ. ಬೆಂಕಿ ನಂದಿಸುವ ಸಿಲಿಂಡರಿನ ಮುಳ್ಳು ಹಸಿರಿನಲ್ಲಿದೆಯಾ ನೋಡುವುದು. ಅದು ಇರಬೇಕಾದದ್ದು ಬಾಗಿಲ ಪಕ್ಕದಲ್ಲಿ, ಒಳಮೂಲೆಯಲ್ಲಲ್ಲ. ಬೇಸಿಗೆಯಲ್ಲಿ ಹನಿ ಪೈಪುಗಳ ತುದಿ ಬಿಚ್ಚಿ ಹೂಳು ಹೊರಬಿಡುವುದು. ಗುದ್ದಲಿ, ಕುಡುಗೋಲು ಮಣ್ಣು ಒರೆಸಿ ಎಣ್ಣೆ ಸವರಿ ಇಡುವುದು. ಹಾಳೆಯ ಕೆಳಗೆ ಖಾಲಿ ಜಾಗ ಬಿಡಿ, ವರ್ಷ ಕಳೆಯುವುದರೊಳಗೆ ಅದೂ ತುಂಬುತ್ತದೆ.